ಸದ್ದಿನ ಕೋವಿಗೆ ಸಿಂಗಾರ

ನಮ್ಮ ಮನೆಯ ಕೋವಿಗೆ ಇದ್ದದ್ದು ಒಂದೇ ಕೆಲಸ, ಸದ್ದು ಮಾಡುವುದು. ಆಕಾಶಕ್ಕೆ ಬಾಯಿ ಮಾಡಿ ಢಂ ಅಂತ ಒಂದು ಈಡು ಹಾರಿಸಿದರೆ ಅದರ ಅವತ್ತಿನ ಡ್ಯೂಟಿ ಮುಗಿಯಿತು. ಇಂಥ ಕೋವಿಗೆ ನಮ್ಮನೆಯವರು ಟಾರ್ಚು ಕಟ್ಟಿದರು, ಲೇಸರ್ ಕಟ್ಟಿದರು, ಕೆಂಪು ಚುಕ್ಕೆ ಕಾಣುವ ಗಾಜಿನ ಡಬ್ಬಿ ಕೂರಿಸಿದರು, ಕೊನೆಗೆ ಎರಡು ಕಾಲನ್ನೂ ಇಟ್ಟರು. ಮೋಡಕ್ಕೆ ಹೊಡೆಯುವುದಕ್ಕೆ ಗುರಿ ಯಾಕೆ ಅಂತ ನಾನು ಕೇಳದ ದಿನವಿಲ್ಲ. ಕೆಡುತ್ತಿದ್ದದ್ದು ಅವರ ಕಣ್ಣು ಅನ್ನುವುದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಕಣ್ಣು ಹೋಗುತ್ತಿದ್ದಷ್ಟು ಕಾಲವೂ ನಾವು ಕೋವಿಗೇ ಔಷಧಿ ಮಾಡುತ್ತಿದ್ದೆವು.

ಕಿರುಗಾವಲಿನ ಬಸ್ ರಸ್ತೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ರವಿಕೆ, ಚೂಡಿದಾರ್, ಸೀರೆಗೆ ಫಾಲ್ಸು, ಅಷ್ಟೇ. ನಮ್ಮೂರು ಅಲ್ಲಿಂದ ಒಳಕ್ಕೆ, ನಾಲೆ ದಾಟಿ ಹೋಗಬೇಕು. ಸುತ್ತ ಭತ್ತ, ಕಬ್ಬು. ಕಬ್ಬು ಆಳುದ್ದ ಬೆಳೆದ ಮೇಲೆ ಕಾಡುಹಂದಿ ಅದರೊಳಗೆ ಸಂಸಾರ ಹೂಡಿಬಿಡುತ್ತವೆ. ಬೆಳೆ ಕಾಯುವುದಕ್ಕೆ ಅಂತ ಲೈಸೆನ್ಸ್ ಇದ್ದ ಈ ಒಂಟಿ ನಳಿಗೆಯ ಕೋವಿ ನಮ್ಮ ಮಾವನವರದು. ಅವರು ತೀರಿಕೊಂಡ ಮೇಲೆ ನಮ್ಮನೆಯವರ ಹೆಸರಿಗೆ ಬಂತು. ಹಂದಿಯನ್ನು ಕೊಲ್ಲುವ ಹಾಗಿಲ್ಲ, ಕೊಲ್ಲುವ ಮನಸ್ಸೂ ಅವರಿಗಿರಲಿಲ್ಲ. ಹೊತ್ತು ಮುಳುಗುವಾಗ ಬದುವಿನ ಮೇಲೆ ನಿಂತು ಹಂದಿ ಯಾವ ಕಡೆಯಿಂದ ಹೊರಡುತ್ತವೆ ಅಂತ ನೋಡಬೇಕು. ಅವುಗಳ ಎದುರಿಗೆ ಹೋಗಿ ಮೇಲಕ್ಕೆ ಒಂದು ಈಡು ಹಾರಿಸಿದರೆ ತಿರುಗಿ ನಾಲೆ ಕಡೆಗೆ ಓಡುತ್ತಿದ್ದವು.

ಆ ಈಡಿಗೆ ಊರಿನಲ್ಲಿ ಬೆಲೆಯಿತ್ತು. "ಈಡು ಬಿತ್ತು" ಅಂತ ಹೆಂಗಸರು ಮುದ್ದೆಗೆ ಎಸರಿಡುತ್ತಿದ್ದರು. ಗದ್ದೆಯಲ್ಲಿದ್ದವರು ಕೈಕಾಲು ತೊಳೆದು ಮನೆ ಕಡೆ ಹೊರಡುತ್ತಿದ್ದರು. ಅಕ್ಕಪಕ್ಕದ ಹೊಲದವರು ತಮ್ಮ ಕಾವಲನ್ನೇ ಬಿಟ್ಟು, ಇವರಿದ್ದಾರೆ ಅಂತ ನಿಶ್ಚಿಂತೆಯಾಗಿದ್ದರು. ನಮ್ಮನೆಯವರು ಪಂಚಾಯ್ತಿಯಲ್ಲಿ ಬಾಯಿ ಬಿಟ್ಟವರಲ್ಲ, ಮದುವೆ ಮಾತುಕತೆಗೆ ಯಾರೂ ಅವರನ್ನು ಮುಂದಿಟ್ಟುಕೊಂಡು ಹೋದವರಲ್ಲ. ದಿನಕ್ಕೊಂದು ಸಲ, ಹೊತ್ತು ಮುಳುಗುವ ಆ ಗಳಿಗೆಯಲ್ಲಿ ಮಾತ್ರ ಊರೆಲ್ಲ ಅವರ ಸದ್ದಿಗೆ ಕಾಯುತ್ತಿತ್ತು. ಅವರಿಗೆ ಅದು ಎಷ್ಟು ದೊಡ್ಡದು ಅಂತ ಅವರು ಹೇಳಲಿಲ್ಲ, ಆದರೆ ನಾನು ಬಲ್ಲೆ.

ಒಂದು ವರ್ಷ ಕಬ್ಬು ಕಡಿಯುವುದಕ್ಕೆ ಮುಂಚೆ ಪಕ್ಕದ ಹೊಲದವರು ಬೆಳಿಗ್ಗೆಯೇ ನಮ್ಮ ಜಗಲಿಗೆ ಬಂದರು. ನಮ್ಮನೆಯವರ ಓರಗೆಯವರು, ಒಟ್ಟಿಗೆ ದನ ಕಾದು ಬೆಳೆದವರು, ಮಾತಿಗೆ ಮುಲಾಜಿಲ್ಲ.

"ಲೇ, ಅಂದಿ ನಿನ್ ಮಗ್ಗುಲಲ್ಲೇ ಓದ್ವಲ್ಲಾ! ನಾನ್ ನಾಲೆ ಏರಿ ಮ್ಯಾಲಿಂದ ನೋಡ್ತಾನೇ ಇವ್ನಿ, ನೀನು ಸುಮ್ಕೆ ನಿಂತಿದ್ದೀಯ. ನಿದ್ದೆ ಗಿದ್ದೆ ಮಾಡ್ತಿದ್ಯೇನ್ಲಾ?"

"ಮಗ್ಗುಲಲ್ಲಿ ಓಗಿದ್ರೆ ನಂಗ್ ಕಾಣ್ತಿರ್ನಿಲ್ವೇನ್ಲಾ?" ಅಂತ ನಮ್ಮನೆಯವರು ರೇಗಿದರು. "ಬೆಳಕು ಸಾಲಾಕಿಲ್ಲ ಕಣ್ಲಾ. ಒಂದ್ ಕೈಲಿ ಟಾರ್ಚು, ಒಂದ್ ಕೈಲಿ ಕೋವಿ. ಎಂಗ್ ನೋಡದು?"

ಮಾತು ನನಗೂ ಸರಿ ಅನ್ನಿಸಿತು. ಕೋವಿಗೇ ಟಾರ್ಚು ಕಟ್ಟುವ ಕ್ಲಾಂಪು ಬರುತ್ತದೆ ಅಂತ ಫೋನಿನಲ್ಲಿ ನೋಡಿಕೊಂಡರು. ಯಾವುದೋ ದೇಶದ ಗಡ್ಡದವನೊಬ್ಬ ಇಂಗ್ಲಿಷಿನಲ್ಲಿ ಬಡಬಡಿಸುತ್ತಾ ತನ್ನ ಕೋವಿಗೆ ಒಂದೊಂದೇ ಸಾಮಾನು ತಿರುಪುತ್ತಿದ್ದ. ನಮ್ಮನೆಯವರಿಗೆ ಅವನ ಭಾಷೆ ಬಾರದು. ಕೈ ನೋಡಿದರೆ ಸಾಕಿತ್ತು. ಕೊರಿಯರ್‌ನವರು ಊರೊಳಕ್ಕೆ ಬರುವುದಿಲ್ಲವಾದ್ದರಿಂದ ಪೊಟ್ಟಣ ನನ್ನ ಅಂಗಡಿಗೆ ಬಂತು. ಅದನ್ನು ಹಿಡಿದುಕೊಂಡು ಮದ್ದೂರಿನಲ್ಲಿ ಲೇತ್ ಅಂಗಡಿ ಇಟ್ಟಿರುವ ನನ್ನ ತಮ್ಮನ ಹತ್ತಿರ ಹೋಗಿ, ಕೋವಿಯ ಅಳತೆಗೆ ಕ್ಲಾಂಪನ್ನು ಉಜ್ಜಿಸಿಕೊಂಡು ಬಂದರು.

ಅದಾದ ಮೇಲೂ ಹಂದಿ ಅವರ ಪಕ್ಕದಲ್ಲೇ ಹೋದವು. ಟಾರ್ಚಿನ ಬೆಳಕು ಚಿಕ್ಕದಾಯಿತು ಅಂತ ಅಗಲ ಬೆಳಕಿನದು ಬಂತು. ಅಗಲವಾದದ್ದಕ್ಕೆ ದೂರಕ್ಕೆ ಹೋಗುವುದಿಲ್ಲ ಅಂತ ಇನ್ನೊಂದು. ಎಲ್ಲಿ ತಿರುಗಿಸಿದ್ದೇನೆ ಅಂತ ಗೊತ್ತಾಗಲಿ ಅಂತ ಲೇಸರ್. ಗಾಜಿನ ಡಬ್ಬಿಯೊಳಗೆ ನೋಡಿದರೆ ನಡುವೆ ಕೆಂಪು ಚುಕ್ಕೆ ಕಾಣುತ್ತದಂತೆ, ಅದು ಯಾತಕ್ಕೆ ಅಂತ ಮಾತ್ರ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಇಷ್ಟೆಲ್ಲ ಹೊತ್ತ ಮೇಲೆ ಕೋವಿ ಭಾರವಾಗಿ ಕೈ ನಡುಗಿತು. ನೆಲಕ್ಕೆ ಊರುವುದಕ್ಕೆ ಮಡಿಸುವ ಎರಡು ಕಾಲು ಬಂದವು. ಭುಜಕ್ಕೆ ರಬ್ಬರ್ ಮೆತ್ತೆ, ಮಿಲಿಟರಿಯವರ ಥರ ಪಟ್ಟಿ, ನಳಿಗೆಗೆ ಎಲೆ ಚಿತ್ರದ ಟೇಪು. ಕಬ್ಬಿನಲ್ಲಿ ಹಂದಿಗೆ ಕಾಣದಿರಲಿ ಅಂತ ಆ ಟೇಪು. ಕೋವಿಯ ಮೇಲೆ ಎರಡು ದೀಪ ಉರಿಸಿಕೊಂಡು ನಿಂತವರಿಗೆ ಮರೆ ಬೇರೆ ಕೇಡು.

"ಮದ್ವೆಯಾಗಿ ಇಷ್ಟ್ ವರ್ಸಾಯ್ತು, ನಂಗೊಂದ್ ಜೊತೆ ಓಲೆ ತರ್ನಿಲ್ಲ. ಕೋವಿಗ್ ದಿನಾ ಒಂದ್ ಒಡ್ವೆ ಬತ್ತಾ ಅದೆ" ಅಂತ ನಾನು ಅಂಗಡಿಯಲ್ಲಿ ಎಲ್ಲರ ಮುಂದೆ ಆಡಿಕೊಳ್ಳುತ್ತಿದ್ದೆ. ರವಿಕೆ ಅಳತೆ ಕೊಡುವುದಕ್ಕೆ ಬಂದ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ವಯಸ್ಸು ಐವತ್ತು ದಾಟಿದ ಗಂಡಸರಿಗೆ ಒಂದೊಂದು ಶೋಕಿ ಹಿಡಿಯುತ್ತದೆ, ಕುಡಿತ ಇಸ್ಪೀಟಿಗಿಂತ ಇದು ವಾಸಿ ಅಂತ ಸಮಾಧಾನವೂ ಇತ್ತು. ತೋಟಾ ಇಟ್ಟುಕೊಳ್ಳುವ ಎಲಾಸ್ಟಿಕ್ ಜೇಬಿನ ಕವರನ್ನು ಕೋವಿಯ ಹಿಡಿಗೆ ನಾನೇ ಹೊಲಿದುಕೊಟ್ಟೆ. ಮಿಕ್ಕ ಎಲ್ಲ ಸಾಮಾನಿಗಿಂತ ಅದೇ ಚೆನ್ನಾಗಿತ್ತು, ಹೇಳಿಕೊಳ್ಳುವುದಕ್ಕೆ ನಾಚಿಕೆಯಿಲ್ಲ. ಆಯುಧಪೂಜೆಗೆ ನನ್ನ ಕತ್ತರಿ, ಮೆಷಿನ್ನಿನ ಪಕ್ಕದಲ್ಲಿ ಕೋವಿಯನ್ನು ಇಟ್ಟಾಗ ಕುಂಕುಮ ಎಲ್ಲಿ ಇಡುವುದು ಅಂತಲೇ ತಿಳಿಯಲಿಲ್ಲ. ಮುಟ್ಟಿದಲ್ಲೆಲ್ಲ ಗಾಜು, ತಿರುಪು.

ಕಣ್ಣಿನ ಮೇಲೆ ಅನುಮಾನ ಬರುವುದಕ್ಕೆ ಕಾರಣವೇ ಇರಲಿಲ್ಲ. ನನಗಾದರೆ ಚಾಳೀಸು ಬಂದು ಹತ್ತಿರದ್ದು ಮಂಜು. ಅವರು ಕನ್ನಡಕವಿಲ್ಲದೆ ಪೇಪರ್ ಓದುತ್ತಿದ್ದರು, ಬೆಳಿಗ್ಗೆ ನಾನು ಅಂಗಡಿಗೆ ಹೊರಡುವ ಮುಂಚೆ ಸೂಜಿಗಳಿಗೆಲ್ಲ ದಾರ ಪೋಣಿಸಿಕೊಡುತ್ತಿದ್ದರು. ಆಮೇಲೆ ಅದೇ ಮನುಷ್ಯ ಪಕ್ಕದಲ್ಲಿಟ್ಟ ಕಾಫಿ ಲೋಟವನ್ನು ಒದ್ದು ಚೆಲ್ಲುತ್ತಿದ್ದರು. "ಗ್ಯಾನ ಎಲ್ಲದೆ?" ಅಂತ ನಾನು ಬೈಯುತ್ತಿದ್ದೆ. ಜ್ಞಾನವೆಲ್ಲ ಕೋವಿಯ ಮೇಲೆ ಅಂತ ನನಗೆ ನಾನೇ ಉತ್ತರ ಹೇಳಿಕೊಳ್ಳುತ್ತಿದ್ದೆ.

ಎಲೆಕ್ಷನ್ ಬಂದರೆ ಲೈಸೆನ್ಸ್ ಇರುವ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ವಾಪಸ್ ತರಬೇಕು. ಆ ಸಲ ಸಂಭ್ರಮ ನೋಡೋಣ ಅಂತ ನಾನೂ ಜೊತೆಗೆ ಹೋದೆ. ವರಾಂಡದಲ್ಲಿ ಸುತ್ತಮುತ್ತಲ ಊರಿನವರು ತಮ್ಮ ತಮ್ಮ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಕೂತಿದ್ದರು. ನಮ್ಮದನ್ನು ಬಿಚ್ಚಿದಾಗ ಬರೆದುಕೊಳ್ಳುತ್ತಿದ್ದ ಪೊಲೀಸಿನವರು ಪೆನ್ನು ಕೆಳಗಿಟ್ಟರು.

"ಏನ್ ಯಜಮಾನ್ರೇ, ಯಾವ್ ದೇಸದ್ ಮ್ಯಾಲ್ ಯುದ್ಧಕ್ಕೆ ಒಂಟ್ರಿ?"

ವರಾಂಡವೆಲ್ಲ ನಕ್ಕಿತು. ನಾನೂ ನಕ್ಕೆ.

"ಅಂದಿಗೆ ಕಣ್ ಸಾ" ಅಂದರು ನಮ್ಮನೆಯವರು.

"ಲೈಸೆನ್ಸಲ್ಲಿ ಬರೀ ಕೋವಿ ಅದೆ. ಈ ಅಲಂಕಾರ ಎಲ್ಲ ನಂಗ್ ಬ್ಯಾಡ. ಬಿಚ್ಕಂಡ್ ಮನೇಗ್ ತಗಂಡೋಗಿ. ಇನ್ನೊಂದ್ ಸಲ ಇಂಗ್ ತಂದ್ರೆ ಸಾಹೇಬ್ರ ಮುಂದೆ ನಿಲ್ಲಿಸ್ತೀನಿ."

ಅವರು ಅಲ್ಲೇ ಕೆಳಗೆ ಕೂತು ಸ್ಕ್ರೂಡ್ರೈವರ್ ತಗೊಂಡು ಒಂದೊಂದೇ ಬಿಚ್ಚಿ ನನ್ನ ಅಂಗಡಿಯ ಬಟ್ಟೆಚೀಲಕ್ಕೆ ಹಾಕಿದರು. ಒಂದು ತಿರುಪು ಜಾರಿ ಬಲಗಾಲಿನ ಪಕ್ಕಕ್ಕೆ ಬಿತ್ತು. ಅವರು ಮುಂದೆ ಹುಡುಕಿದರು, ದೂರ ಹುಡುಕಿದರು, ತಲೆ ಬಗ್ಗಿಸಿ ನೆಲ ಸವರಿದರು. "ಪಕ್ದಲ್ಲೇ ಅದಲ್ರೀ" ಅಂತ ಗೋಣಿಚೀಲದವರೊಬ್ಬರು ಎತ್ತಿಕೊಟ್ಟರು. ಅವಮಾನದಲ್ಲಿ ಮನುಷ್ಯನಿಗೆ ಕಣ್ಣು ಕತ್ತಲೆ ಬರುತ್ತದೆ ಪಾಪ ಅಂದುಕೊಂಡೆ ನಾನು.

ಎಲೆಕ್ಷನ್ ಮುಗಿದು ಕೋವಿ ಮನೆಗೆ ಬಂದ ದಿನವೇ ಬಿಚ್ಚಿದ್ದೆಲ್ಲ ಮತ್ತೆ ಏರಿತು. ಅದಾಗಿ ಕೆಲವು ದಿನಕ್ಕೆ ಅಂಗಡಿ ಬೇಗ ಮುಚ್ಚಿಕೊಂಡು ಬಂದಿದ್ದ ನಾನು, ಫ್ಲಾಸ್ಕಿನಲ್ಲಿ ಕಾಫಿ ತಗೊಂಡು ಹೊಲಕ್ಕೆ ಹೋದೆ. ಸೂರ್ಯ ಇಳಿದಿದ್ದ, ಬೆಳಕಿನ್ನೂ ಇತ್ತು. ಅವರು ಬದುವಿನ ಮೇಲೆ ಕಬ್ಬಿನ ಕಡೆ ಮುಖ ಮಾಡಿ ನಿಂತಿದ್ದರು. ನಾನು ಅವರ ಎಡಗಡೆಗೆ ಹೋಗಿ ನಿಂತು ಲೋಟಕ್ಕೆ ಬಗ್ಗಿಸಿ ಕೈ ಚಾಚಿದೆ. ಅವರು ತಗೊಳ್ಳಲಿಲ್ಲ. ಹಂದಿಯ ಮೇಲೆ ಗಮನ ಇರಬೇಕು, ಸದ್ದು ಮಾಡಬಾರದು ಅಂತ ನಾನೂ ಬಾಯಿ ಬಿಡದೆ ಲೋಟ ಹಿಡಿದುಕೊಂಡು ನಿಂತೆ. ಕೈ ನೋಯುವಷ್ಟು ಹೊತ್ತು ನಿಂತೆ.

ಕಬ್ಬಿನ ಒಳಗೆ ಗರಿ ಅಲ್ಲಾಡಿತು. ಅವರು ಅತ್ತ ಮುಖ ಇಟ್ಟುಕೊಂಡೇ ಕೋವಿಯನ್ನು ಸೊಂಟದ ಮಟ್ಟಕ್ಕೆ ಹಿಡಿದು ಎಡಕ್ಕೆ ತಿರುಗಿದರು. ಲೇಸರಿನ ಕೆಂಪು ಚುಕ್ಕೆ ಬದುವಿನ ಹುಲ್ಲಿನ ಮೇಲೆ ಹರಿದುಕೊಂಡು ಬಂದು ನನ್ನ ಸೀರೆ ಹತ್ತಿತು, ಸೆರಗಿನವರೆಗೂ ಬಂತು, ಅಲ್ಲೇ ನಿಂತಿತು. ಅವರ ಬೆರಳು ಕೋವಿಯ ಕುದುರೆಯ ಮೇಲಿತ್ತು, ಎಳೆದರೆ ಈಡು. ನಾನು ಲೋಟ ಬಿಟ್ಟು ಕುಸಿದು ಕೂತು ಕೂಗಿಕೊಂಡೆ.

ಅವರು ಬೆಚ್ಚಿಬಿದ್ದು ಸುತ್ತ ನೋಡಿದರು. ಪೂರ್ತಿ ಕತ್ತು ತಿರುಗಿಸಿದ ಮೇಲೆ ನಾನು ಅವರ ಕಣ್ಣಿಗೆ ಬಿದ್ದೆ.

"ಯಾವಾಗ್ ಬಂದೆಮ್ಮಿ?"

"ಆಗ್ಲಿಂದ ಇಲ್ಲೇ ನಿಂತಿವ್ನಿ! ಕಾಫಿ ಇಡ್ಕಂಡ್ ನಿಂತಿವ್ನಿ! ಕಾಣ್ನಿಲ್ವಾ ನಿಮ್ಗೆ?"

ಅವರು ಕೋವಿಯಿಂದ ತೋಟಾ ತೆಗೆದು ಜೇಬಿಗೆ ಹಾಕಿಕೊಂಡರು. ಹಂದಿ ಎದುರಿಗೇ ಬದು ದಾಟಿ ಆಚೆ ಹೊಲಕ್ಕೆ ಹೋದವು. ಆ ಸಂಜೆ ಈಡು ಬೀಳಲಿಲ್ಲ. ನನಗೆ ಬಂದಿದ್ದ ಸಿಟ್ಟು ಭಯಕ್ಕಿಂತ ದೊಡ್ಡದು. ದಾರಿಯುದ್ದಕ್ಕೂ ಬೈದೆ. ಮನೆಗೆ ಬಂದ ಮೇಲೆ ಅವರ ಮುಂದೆ ಕೂತು, "ನನ್ ಮೂಗ್ನೇ ನೋಡ್ತಿರಿ, ಅಲ್ಲಾಡ್ಬೇಡಿ" ಅಂತ ಹೇಳಿ, ನನ್ನ ಕೈಯನ್ನು ಪಕ್ಕಕ್ಕೆ ಚಾಚಿ ಬೆರಳು ಆಡಿಸಿದೆ. "ಏನಾರ ಕಾಣ್ತದಾ?" "ಎಂತದೂ ಇಲ್ವಲ್ಲ." ಕೈ ಹತ್ತಿರ ತಂದೆ. ಇನ್ನೂ ಹತ್ತಿರ ತಂದೆ. ನನ್ನ ಕಿವಿ ಮುಟ್ಟುವಷ್ಟು ಹತ್ತಿರ ಬಂದ ಮೇಲೆ, "ಆಂ, ಈಗ ಬೆಳ್ಳು ಕಾಣ್ತದೆ" ಅಂದರು. ನನ್ನ ಸಿಟ್ಟೆಲ್ಲ ಅಲ್ಲಿಗೆ ಇಳಿದುಹೋಯಿತು.

ಮಾರನೆಯ ಬೆಳಿಗ್ಗೆ ಮಳವಳ್ಳಿಗೆ ಹೋಗಿ, ಅಲ್ಲಿಂದ ಮದ್ದೂರಿನ ಮೇಲೆ ಮಂಡ್ಯಕ್ಕೆ ಬಸ್ಸು ಹತ್ತಿದೆವು. ಕಣ್ಣಿನ ಡಾಕ್ಟರಮ್ಮ ಸಣ್ಣ ವಯಸ್ಸಿನವರು, ತಾಳ್ಮೆಯವರು. ಗೋಡೆ ಮೇಲಿನ ಅಕ್ಷರವನ್ನು ಇವರು ಕೊನೆಯ ಸಾಲಿನವರೆಗೂ ಗಡಗಡ ಓದಿಬಿಟ್ಟು, ನೋಡಿದೆಯಾ ಅನ್ನುವ ಹಾಗೆ ನನ್ನ ಕಡೆ ತಿರುಗಿದರು. ಆಮೇಲೆ ಡಾಕ್ಟರಮ್ಮ ಇವರನ್ನು ಕತ್ತಲ ಕೋಣೆಗೆ ಕರೆದುಕೊಂಡು ಹೋದರು. ಅಲ್ಲೊಂದು ಬಟ್ಟಲಿನಂಥ ಮೆಷಿನ್ನು. ಅದಕ್ಕೆ ಗದ್ದ ಒತ್ತಿ ನಡುವಿನ ದೀಪವನ್ನೇ ನೋಡುತ್ತಿರಬೇಕು. ಸುತ್ತ ಅಲ್ಲಲ್ಲಿ ಸಣ್ಣ ಬೆಳಕು ಮಿಣಕ್ ಅನ್ನುತ್ತದೆ, ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು.

ಹೊರಗೆ ಬಂದಾಗ ನಮ್ಮನೆಯವರ ಮುಖ ಗೆಲುವಾಗಿತ್ತು. ಬೆಂಚಿನ ಮೇಲೆ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದರು, "ಒಂದೂ ಬುಡ್ನಿಲ್ಲ ಕಣಮ್ಮಿ. ಬಂದಿದ್ದೆಲ್ಲ ಒಡ್ದಾಕ್ದೆ."

ಡಾಕ್ಟರಮ್ಮ ಮೆಷಿನ್ನಿನ ಕಾಗದವನ್ನು ತಿರುಗಿಸಿ ನಮ್ಮ ಮುಂದಿಟ್ಟರು. ಎರಡು ಕಣ್ಣಿಗೆ ಎರಡು ದುಂಡನೆಯ ಚಿತ್ರ. ಸುತ್ತ ತವೆಯ ತಳದ ಹಾಗೆ ಮಸಿ, ನಡುವೆ ಒಂದಿಷ್ಟು ಬಿಳಿ.

"ಕಪ್ಪಿರೋದೆಲ್ಲ ಇವರಿಗೆ ಕಾಣದೇ ಇರೋ ಜಾಗ" ಅಂದರು.

"ಇಲ್ಲ ಡಾಕ್ಟ್ರೇ, ನಾನು ಎಲ್ಲಾನೂ ಒತ್ತಿದ್ನಲ್ಲ" ಅಂದರು ನಮ್ಮನೆಯವರು.

"ಕಂಡಿದ್ದನ್ನ ಒತ್ತಿದ್ದೀರ. ಕಾಣದೇ ಇದ್ದಿದ್ದು ಬಂತು ಅಂತ ನಿಮಗೆ ಹೇಗೆ ಗೊತ್ತಾಗಬೇಕು?"

ಗ್ಲಾಕೋಮಾ ಅಂದರು. ಕಣ್ಣಿನ ಒಳಗೆ ಒತ್ತಡ ಜಾಸ್ತಿಯಾಗಿ ನರ ಸಾಯುತ್ತಾ ಬರುತ್ತದಂತೆ. ನೋವಿಲ್ಲ, ಕೆಂಪಿಲ್ಲ. ಅಂಚಿನಿಂದ ಶುರುವಾಗಿ ಒಳಕ್ಕೆ ಬರುತ್ತದೆ, ನಡುವಿನ ನೋಟ ಕೊನೆಗೆ ಹೋಗುತ್ತದೆ. ಹೋಗಿದ್ದು ಯಾವ ಆಪರೇಷನ್ನಿಗೂ ವಾಪಸ್ ಬರುವುದಿಲ್ಲ. ಉಳಿದಿರುವುದನ್ನು ನಿಲ್ಲಿಸಿಕೊಳ್ಳುವುದಕ್ಕೆ ದಿನಾ ಡ್ರಾಪ್ಸ್ ಹಾಕಬೇಕು.

"ನಿಲ್ತದಾ?" ಅಂತ ನಾನು ಕೇಳಿದೆ.

"ಪ್ರಯತ್ನ ಮಾಡೋಣಮ್ಮ. ತುಂಬ ತಡವಾಗಿ ಬಂದಿದ್ದೀರ." ಆಮೇಲೆ ನಮ್ಮನೆಯವರ ಕಡೆ ತಿರುಗಿ, "ಮನೇಲಿ ಬೇರೆ ಯಾರಿಗಾದರೂ ಹೀಗೆ ಇತ್ತಾ?" ಅಂದರು.

ಅವರು ನನ್ನ ಕಡೆ ತಿರುಗಿದರು. "ನಮ್ಮಪ್ಪಂಗೆ ಕೊನೆಕೊನೆಗೆ ಏನೂ ಕಾಣ್ತಿರ್ನಿಲ್ಲ. ವಯಸ್ಸಾಗಿತ್ತಲ್ಲ, ಅದ್ಕೆ ಅನ್ಕಂಡೋ."

ಮಾವನವರು ಕೊನೆಯ ದಿನಗಳಲ್ಲಿ ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗುತ್ತಿದ್ದದ್ದು ನನಗೂ ನೆನಪಿದೆ. ಯಾರೂ ಅದನ್ನು ಕಾಯಿಲೆ ಅಂತ ಕರೆಯಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಮದ್ದೂರು ದಾಟುವವರೆಗೂ ನಮ್ಮನೆಯವರು ಡ್ರಾಪ್ಸಿನ ಚೀಟಿಯನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದರು. ಆಮೇಲೆ, "ಕೋವೀನೂ ಅಪ್ಪಂದು, ಕಣ್ಣೂ ಅಪ್ಪಂದೇಯ" ಅಂದರು. ಮಕ್ಕಳ ಕಣ್ಣನ್ನೂ ತೋರಿಸಿ ಅಂತ ಡಾಕ್ಟರಮ್ಮ ಹೇಳಿದ್ದರು. ಬಸರಾಳಿಗೆ ಕೊಟ್ಟಿರುವ ಮಗಳಿಗೆ ಫೋನ್ ಮಾಡಿದೆ. "ನಂಗೇನಾಗದೆ, ಚೆನ್ನಾಗ್ ಕಾಣ್ತದಲ್ಲವ್ವ" ಅಂದಳು. ಚೆನ್ನಾಗಿ ಕಾಣುತ್ತದೆ ಅನ್ನುವ ಮಾತಿಗೇ ನಾನು ಹೆದರುತ್ತೇನೆ ಈಗ. ಇವತ್ತಿಗೂ ಅವಳು ಹೋಗಿಲ್ಲ.

ಕೋವಿಯನ್ನು ಠಾಣೆಗೆ ಒಪ್ಪಿಸಿ, ಲೈಸೆನ್ಸ್ ಬೇಡ ಅಂತ ಬರೆದುಕೊಟ್ಟು ಬಂದೆವು. ಈ ಸಲ ಮನೆಯಲ್ಲೇ ಎಲ್ಲ ಬಿಚ್ಚಿ ಬರೀ ಕೋವಿಯನ್ನು ತಗೊಂಡು ಹೋಗಿದ್ದೆವು, ಯಾರೂ ನಗಲಿಲ್ಲ. ಬಿಚ್ಚಿದ ಸಾಮಾನು ಮನೆಯಲ್ಲಿ ಒಂದೊಂದು ಕಡೆ ಸೇರಿಕೊಂಡಿತು. ರಬ್ಬರ್ ಮೆತ್ತೆ ನನ್ನ ಹೊಲಿಗೆ ಮೆಷಿನ್ನಿನ ಕಾಲಿನಡಿಗೆ. ಅಗಲ ಬೆಳಕಿನ ಟಾರ್ಚು ಕೊಟ್ಟಿಗೆಗೆ. ಎರಡು ಕಾಲಿಗೆ ಮಾತ್ರ ಏನೂ ಉಪಯೋಗ ಸಿಗಲಿಲ್ಲ.

ಈಡು ನಿಂತ ಮೇಲೆ ಊರು ಏನಾದರೂ ಅನ್ನುತ್ತದೆ ಅಂತ ಅವರು ಕಾದರು. ಒಂದಿಷ್ಟು ದಿನ ಸಂಜೆಯಾದರೆ ಜಗಲಿಗೆ ಬಂದು ಕೂರುತ್ತಿದ್ದರು, ಯಾರಾದರೂ ಬಂದು "ಯಾಕ್ಲಾ ಒಡೀನಿಲ್ಲ?" ಅಂತ ಕೇಳಲಿ ಅಂತ. ಪಕ್ಕದ ಹೊಲದವರು ಬಿಸಿಲಿನಲ್ಲೇ ಚಾರ್ಜ್ ಆಗುವ ಒಂದು ಸೈರನ್ ಡಬ್ಬಿ ತಂದು ಗೂಟಕ್ಕೆ ಕಟ್ಟಿದ್ದರು. ಹೊತ್ತು ಮುಳುಗಿದರೆ ಅದೇ ಕಿರುಚಿಕೊಳ್ಳುತ್ತದೆ. ಎಸರಿಡುವುದನ್ನು ಒಬ್ಬ ಹೆಂಗಸೂ ತಡ ಮಾಡಲಿಲ್ಲ. ನನಗೆ ಊರಿನ ಮೇಲೆ ಹೊಟ್ಟೆ ಉರಿಯಿತು. ಆದರೆ ಊರಿನವರನ್ನು ಅನ್ನುವುದಕ್ಕೂ ಏನಿಲ್ಲ, ಎಲ್ಲರ ಮನೆಯಲ್ಲೂ ಗಡಿಯಾರ ಇದೆ.

ಡ್ರಾಪ್ಸನ್ನು ಬೆಳಿಗ್ಗೆ ಸಂಜೆ ನಾನೇ ಹಾಕುತ್ತೇನೆ. ತಲೆ ಹಿಂದಕ್ಕೆ ಒರಗಿಸಿ, ರೆಪ್ಪೆ ಬಿಡಿಸಿ, ಒಂದೊಂದು ತೊಟ್ಟು. ಒಂದು ದಿನವೂ ತಪ್ಪಿಸಿಲ್ಲ. ಆದರೂ ಪ್ರತಿ ಸಲ ಮಂಡ್ಯಕ್ಕೆ ಹೋದಾಗ ಆ ಬಿಳಿ ಇನ್ನಷ್ಟು ಚಿಕ್ಕದಾಗಿರುತ್ತದೆ. ಆಪರೇಷನ್ನೂ ಆಯಿತು. ಡಾಕ್ಟರಮ್ಮ ಈಗೀಗ ಕಾಗದವನ್ನು ನಮ್ಮ ಕಡೆ ತಿರುಗಿಸುವುದಿಲ್ಲ. ಪೇಪರ್ ಓದುವುದು ನಿಂತಿತು. ದಾರ ಪೋಣಿಸುವುದಕ್ಕೆ ನಾನು ಒಂದು ಸಣ್ಣ ತಂತಿಯ ಉಪಕರಣ ತಂದುಕೊಂಡಿದ್ದೇನೆ, ಅವರಿಗೆ ಹೇಳಿಲ್ಲ.

ಹೋದ ವಾರ ಮಧ್ಯಾಹ್ನ, ಅಂಗಡಿಗೆ ರಜ. ಅವರು ಗೋಡೆಗೆ ಒರಗಿ ಕೂತು, ಫೋನನ್ನು ಮೂಗಿಗೆ ತಾಗಿಸಿಕೊಂಡು ಆ ಗಡ್ಡದವನ ಬಡಬಡಿಕೆಯನ್ನು ಕೇಳುತ್ತಿದ್ದರು. ನಾನು ಅವರ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದೆ.

"ಇನ್ನೊಂದ್ ಬಂದದೆ ಕಣಮ್ಮಿ" ಅಂದರು. "ಕತ್ಲಲ್ಲಿ ಪ್ರಾಣಿ ಮೈ ಬಿಸಿ ನೋಡಿ ಬೆಳ್ಳಗೆ ತೋರ್ಸ್ತದಂತೆ. ಕೋವಿ ಮ್ಯಾಲ್ ಕೂರ್ಸದು."

"ಕೋವಿ ಎಲ್ಲದೆ ಈಗ?"

"ಕೋವಿಗಲ್ಲ." ಫೋನನ್ನು ಮೂಗಿನಿಂದ ಇಳಿಸಿ ಹೇಳಿದರು, "ಅಂಗೇ ಕಣ್ಗ್ ಇಟ್ಕಂಡ್ರೆ ಏನಾರ ಕಾಣ್ತದಾ ಅಂತ."

ಅದರಿಂದ ಏನೂ ಕಾಣುವುದಿಲ್ಲ ಅಂತ ನನಗೆ ಗೊತ್ತು. ಸತ್ತ ನರಕ್ಕೆ ಯಾವ ಗಾಜೂ ಆಗುವುದಿಲ್ಲ ಅಂತ ಡಾಕ್ಟರಮ್ಮ ಇಬ್ಬರಿಗೂ ಬಿಡಿಸಿ ಹೇಳಿದ್ದರು, ಅವರಿಗೂ ಗೊತ್ತು.

"ತರ್ಸಾನ ಬುಡಿ" ಅಂದೆ. "ಕೊಡಿ ಇಲ್ಲಿ, ಯಾವ್ದು ಅಂತ ನೋಡ್ತೀನಿ."

ಅವರಿಗೆ ಖುಷಿಯಾಯಿತು. ನಾನು ಎದುರಿಗಿದ್ದೇನೆ ಅಂದುಕೊಂಡು ಫೋನನ್ನು ಖಾಲಿ ಬಾಗಿಲ ಕಡೆಗೆ ಚಾಚಿ ಹಿಡಿದರು. ನಾನು ಸದ್ದು ಮಾಡದೆ ಎದ್ದು ಬಾಗಿಲ ಹತ್ತಿರ ಹೋಗಿ ಅವರ ಕೈಯಿಂದ ಅದನ್ನು ತಗೊಂಡೆ.